ಕಡಲತೀರಕ್ಕೆ ಹೊರಡುವ ಮುನ್ನ ಇಳಿತದ ಸಮಯ ನೋಡಿ

ಜನಸಂದಣಿಯಿಲ್ಲದ ಕಡಲತೀರದಲ್ಲಿ ಅರ್ಧ ದಿನ ಹಾಯಾಗಿ ಕಳೆಯುವ ಯೋಚನೆಯಿದ್ದರೆ, ಹವಾಮಾನದ ಜೊತೆಗೆ ಆ ಊರಿನ ಉಬ್ಬರ-ಇಳಿತದ ವೇಳಾಪಟ್ಟಿಯನ್ನೂ ಮೊಬೈಲಿನಲ್ಲಿ ನೋಡಿ, ನೀರು ಪೂರ್ತಿ ಇಳಿಯುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ತಲುಪಿ. ಆಗ ನೀರು ಹಿಂದೆ ಸರಿಯುತ್ತಿರುತ್ತದೆ. ಹಾಸಿದ ಚಾಪೆ, ಬಿಚ್ಚಿಟ್ಟ ಚಪ್ಪಲಿ ನೆನೆಯುವ ಚಿಂತೆಯಿಲ್ಲ. ಈಗಷ್ಟೇ ನೀರು ಬಿಟ್ಟುಹೋದ ಮರಳು ಗಟ್ಟಿಯಾಗಿರುವುದರಿಂದ ಕಾಲು ಹೂತುಹೋಗುವುದಿಲ್ಲ, ವಯಸ್ಸಾದವರೂ ಆರಾಮವಾಗಿ ನಡೆಯಬಹುದು. ಬಂಡೆಗಳಿದ್ದರೆ ಅವುಗಳ ಸಂದಿನ ಹೊಂಡಗಳಲ್ಲಿ ಸನ್ಯಾಸಿ ಏಡಿ, ಸಣ್ಣ ಮೀನುಗಳು ಉಳಿದಿರುತ್ತವೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ನೆನಪಿರಲಿ, ಹೆಚ್ಚಿನ ಕಡೆ ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಲೆಕ್ಕ ಇಂದಿಗೆ ಸಲ್ಲದು. ಎಲ್ಲ ಕಡೆಯೂ ಇದು ಉಪಯೋಗಕ್ಕೆ ಬರುವುದಿಲ್ಲ. ಮೆಡಿಟರೇನಿಯನ್‌ನಂತಹ ಸಮುದ್ರಗಳಲ್ಲಿ ಏರಿಳಿತವೇ ಅತ್ಯಲ್ಪ. ತೀರಾ ಸಪಾಟಾದ ಕೆಸರು ತೀರಗಳಲ್ಲಿ ನೀರು ಅದೆಷ್ಟು ದೂರ ಸರಿಯುತ್ತದೆಂದರೆ ಕಾಲು ತೊಳೆಯಲೂ ಸಿಗದು. ಬಂಡೆ ಬಳಸಿಕೊಂಡು ಪಕ್ಕದ ಕೊಲ್ಲಿಗೆ ಹೋಗುವವರು ಮಾತ್ರ ನೀರು ತಿರುಗುವ ಮೊದಲೇ ಮರಳಬೇಕು: ಉಬ್ಬರ ಮೊದಲ ಗಂಟೆಯಲ್ಲಿ ನಿಧಾನವಾಗಿ ಏರಿ ನಡುವಿನ ಎರಡು ಗಂಟೆಗಳಲ್ಲಿ ಬಿರುಸಾಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಂತೂ ಇನ್ನೂ ಹೆಚ್ಚು. ಅಲೆ ಜೋರಾಗಿದ್ದರೆ ಅಥವಾ ಎಚ್ಚರಿಕೆಯ ಕೆಂಪು ಬಾವುಟ ಕಂಡರೆ ಈ ವೇಳಾಪಟ್ಟಿ ನಂಬಿ ನೀರಿಗಿಳಿಯಬೇಡಿ.