ಒಂದು ಬ್ಯಾಕ್‌ಸ್ಪೇಸ್ ಬೆನ್ನು ಹತ್ತಿ ಕರ್ನಲ್‌ವರೆಗೆ

ಎಕ್ಸ್‌ವಿ6 ಎಂಬ ಪುಟ್ಟ ಕಾರ್ಯಾಚರಣೆ ವ್ಯವಸ್ಥೆಯ ಶೆಲ್‌ನಲ್ಲಿ, ಅಂದರೆ ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂನಲ್ಲಿ, ಕೊಟ್ಟದ್ದನ್ನೇ ಮರಳಿ ಬರೆಯುವ ಎಕೋ ಆಜ್ಞೆಯ ಮುಂದೆ ‘ಕನ್ನಡ’ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಕೆಳಗಿನ ಸಾಲಿನಲ್ಲಿ ‘ಕನ್ನಡ’ ಚೊಕ್ಕವಾಗಿ ಮೂಡಿತು. ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನ ಗಾಳಿಯೂ ಸೋಕದ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಅದು. ಇದು ಹೇಗೆ ಸಾಧ್ಯ ಅನ್ನಿಸಿತು. ಇನ್ನೊಮ್ಮೆ ಟೈಪ್ ಮಾಡಿ, ಈ ಸಲ ಕೊನೆಯ ‘ಡ’ ಬೇಡವೆಂದು ಒಂದೇ ಒಂದು ಬ್ಯಾಕ್‌ಸ್ಪೇಸ್ ಒತ್ತಿದೆ. ಪರದೆಯಿಂದ ‘ಡ’ ಹೋಯಿತು. ಎಂಟರ್ ಒತ್ತಿದರೆ ಬಂದದ್ದು ‘ಕನ್ನ’, ಅದರ ಬಾಲಕ್ಕೆ ಪ್ರಶ್ನೆಚಿಹ್ನೆ ಹೊತ್ತ ಕಪ್ಪು ಡೈಮಂಡ್. ಅಳಿಸಿದ್ದು ಅಳಿದಿರಲಿಲ್ಲ.

ಎಕ್ಸ್‌ವಿ6 ಎಂದರೆ ಎಂಐಟಿಯವರು 2006ರಲ್ಲಿ ಪಾಠಕ್ಕೆಂದು ಬರೆದ ಪುಟಾಣಿ ಕರ್ನಲ್. 1975ರ ಯುನಿಕ್ಸ್ ಆರನೇ ಆವೃತ್ತಿಯ ಮಾದರಿ. ನಾನು ಅದರ ರಿಸ್ಕ್‌-ವಿ ಪ್ರೊಸೆಸರಿನ ರೂಪವನ್ನು, ಕಂಪ್ಯೂಟರನ್ನೇ ತಂತ್ರಾಂಶದಲ್ಲಿ ಅನುಕರಿಸುವ ಕ್ಯೂಎಮ್ಯುನಲ್ಲಿ ಓಡಿಸಿಕೊಂಡು, ಕೆಲಸ ಮುಗಿದ ಮೇಲೆ ರಾತ್ರಿ ಹೊತ್ತು ಓದುತ್ತಿದ್ದೆ. ಕೀಲಿಮಣೆ, ಪರದೆಗಳನ್ನು ನೋಡಿಕೊಳ್ಳುವ ಕನ್ಸೋಲ್ ಕಡತವನ್ನು ‘ಇದೇನು ಮಹಾ’ ಎಂದು ಹಾರಿಸಿಬಿಟ್ಟಿದ್ದೆ. ಈಗ ಅದನ್ನೇ ತೆರೆದು ಕೂತೆ.

ಒಳಗಿನ ಕಥೆ ಸರಳ. ಕೀಲಿ ಒತ್ತಿದಾಗ ಬೈಟ್‌ಗಳನ್ನು ತಂದು ಕೊಡುವ ಯುಆರ್ಟ್ ಚಿಪ್ಪಿಗೆ ಬೈಟ್ ಬರುತ್ತದೆ, ಸಿಪಿಯುವನ್ನು ‘ಇತ್ತ ನೋಡು’ ಎಂದು ಕರೆಯುವ ಇಂಟರಪ್ಟ್ ಏಳುತ್ತದೆ, ಕರ್ನಲ್ ಚಿಪ್ಪಿನಲ್ಲಿ ಇರುವಷ್ಟೂ ಬೈಟ್‌ಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಪ್ರತಿ ಬೈಟನ್ನೂ ಎರಡು ಕಡೆ ಹಾಕುತ್ತದೆ: ಒಂದು ಪರದೆಗೆ, ಇನ್ನೊಂದು 128 ಬೈಟ್‌ಗಳ ಸುತ್ತುಬಫರಿಗೆ (ತುದಿ ಮುಟ್ಟಿದರೆ ಮತ್ತೆ ಮೊದಲಿನಿಂದ ಬಳಸುವ ತಾತ್ಕಾಲಿಕ ಸಂಗ್ರಹ). ನಾವು ಟೈಪ್ ಮಾಡಿದ್ದನ್ನು ನಮಗೆ ತೋರಿಸುವುದು ಶೆಲ್ ಅಲ್ಲ, ಕರ್ನಲ್. ಶೆಲ್ ಆಗ ಗಡದ್ದಾಗಿ ನಿದ್ದೆಯಲ್ಲಿರುತ್ತದೆ. ಸಾಮಾನ್ಯವಾಗಿ ಎಂಟರ್ ಬಿದ್ದ ಮೇಲಷ್ಟೇ ಅದನ್ನು ಎಬ್ಬಿಸುವುದು. ಬಫರಿಗೆ ಮೂರು ಸೂಚಿಗಳಿವೆ. ‘ಆರ್’ ಎಂದರೆ ಪ್ರೋಗ್ರಾಂ ಎಲ್ಲಿಯವರೆಗೆ ಓದಿದೆ, ‘ಡಬ್ಲ್ಯು’ ಎಂದರೆ ಎಲ್ಲಿಯವರೆಗೆ ಒಪ್ಪಿಸಿಯಾಗಿದೆ, ‘ಇ’ ಎಂದರೆ ಸದ್ಯ ತಿದ್ದುತ್ತಿರುವ ಸಾಲಿನ ತುದಿ. ಬ್ಯಾಕ್‌ಸ್ಪೇಸ್ ಬಂದರೆ ‘ಇ’ಯನ್ನು ಒಂದು ಹೆಜ್ಜೆ ಹಿಂದಿಟ್ಟು, ಪರದೆಗೆ ‘ಹಿಂದೆ ಸರಿ, ಖಾಲಿ ಜಾಗ ಬರೆ, ಮತ್ತೆ ಹಿಂದೆ ಸರಿ’ ಎಂದು ಮೂರು ಬೈಟ್ ಕಳಿಸುತ್ತದೆ. ಅಳಿಸುವುದು ಎಂದರೆ ಅಷ್ಟೆ.

ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮವಾದ ಯುಟಿಎಫ್‌-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್. ‘ಡ’ ಎಂದರೆ 224, 178, 161. ನನ್ನ ಬ್ಯಾಕ್‌ಸ್ಪೇಸ್ ಬಫರಿನಿಂದ ತೆಗೆದದ್ದು 161 ಒಂದನ್ನೇ. ಪರದೆಯಲ್ಲಿ ಮಾತ್ರ ಒಂದು ಮನೆ, ಅಂದರೆ ಒಂದು ಅಕ್ಷರದ ಜಾಗ, ಪೂರ್ತಿ ಖಾಲಿಯಾಯಿತು. ಉಳಿದ 224 ಮತ್ತು 178 ಎಕೋ ಕೈಗೆ ಹೋಗಿ ಕಪ್ಪು ಡೈಮಂಡ್ ಆದವು. ಬ್ಯಾಕ್‌ಸ್ಪೇಸ್ ಒತ್ತುವವರೆಗೆ ಎಲ್ಲ ಸರಿಯಿದ್ದದ್ದೂ ಇದೇ ಕಾರಣಕ್ಕೆ: ಬೈಟ್‌ನ ಅರ್ಥ ಕೆದಕದೆ ಬಂದದ್ದನ್ನು ಬಂದ ಹಾಗೆ ದಾಟಿಸುವವರೆಗೆ ಯಾವ ಭಾಷೆಯಾದರೇನು.

ಯುಟಿಎಫ್‌-8ರಲ್ಲಿ ಮುಂದುವರಿಕೆಯ ಬೈಟ್‌ಗಳು (ಸಂಕೇತದ ಮೊದಲ ಬೈಟ್ ಬಿಟ್ಟು ಉಳಿದವು) 128ರಿಂದ 191ರೊಳಗೇ ಇರುತ್ತವೆ. ಹಾಗಾಗಿ ಅಂಥವು ಸಿಕ್ಕಷ್ಟು ಹೊತ್ತು ‘ಇ’ಯನ್ನು ಹಿಂದಕ್ಕೆ ಎಳೆಯುತ್ತಾ, ಅಲ್ಲದ್ದೊಂದು ಸಿಕ್ಕಾಗ ಅದನ್ನೂ ತೆಗೆದು ನಿಲ್ಲಿಸಿದರೆ ಆಯಿತು. ನಾಲ್ಕು ಸಾಲಿನ ಲೂಪ್. ‘ಡ’ ಒಂದೇ ಏಟಿಗೆ ಹೋಯಿತು. ಗೆದ್ದೆ ಎಂದುಕೊಂಡೆ.

ಮಾರನೆಯ ರಾತ್ರಿ, ಓದಿದ್ದನ್ನು ಹಾಗೆಯೇ ಮರಳಿ ಬರೆಯುವ ಕ್ಯಾಟ್ ಆಜ್ಞೆ ಓಡಿಸಿ, ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ‘ಕ’ ಕೀಲಿಯನ್ನು ಸುಮ್ಮನೆ ಒತ್ತಿ ಹಿಡಿದು, ಆಮೇಲೆ ಬ್ಯಾಕ್‌ಸ್ಪೇಸ್ ಒತ್ತುತ್ತಾ ಹೋದೆ. ಇದ್ದಕ್ಕಿದ್ದಂತೆ ಕೀಬೋರ್ಡ್ ಸತ್ತಿತು. ಅಕ್ಷರ ಒತ್ತಿದರೆ ಮೂಡುವುದಿಲ್ಲ, ಎಂಟರ್‌ಗೆ ಉಸಿರಿಲ್ಲ. ಆದರೆ ಬ್ಯಾಕ್‌ಸ್ಪೇಸ್ ಮಾತ್ರ ಜೀವಂತ! ಒತ್ತಿದಷ್ಟೂ ಅಳಿಸುತ್ತದೆ. ಕಂಟ್ರೋಲ್‌-ಪಿ ಒತ್ತಿದೆ, ಅದು ಪ್ರೋಸೆಸ್‌ಗಳ ಪಟ್ಟಿ ಕೊಡುತ್ತದೆ. ಕ್ಯಾಟ್ ಪಾಪ ನಿದ್ದೆಯಲ್ಲಿತ್ತು.

ಎರಡು ದಿನ ತಿಂದ ದೋಷ ಇದು. 128ನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. 42 ‘ಕ’ಗಳು 126 ಬೈಟ್, 43ನೆಯದರ ಎರಡು ಬೈಟ್ ಹೊಕ್ಕುವಷ್ಟರಲ್ಲಿ ಬಫರ್ ಭರ್ತಿ. ಭರ್ತಿಯಾದರೆ ಎಂಟರ್ ಬರದಿದ್ದರೂ ಕರ್ನಲ್ ಅಲ್ಲಿಯವರೆಗಿನದನ್ನು ಕ್ಯಾಟ್‌ಗೆ ಒಪ್ಪಿಸಿಬಿಡುತ್ತದೆ. ಕ್ಯೂಎಮ್ಯುಗೆ ಮೂರು ಸಿಪಿಯು ಕೊಟ್ಟಿದ್ದೆ. ಇನ್ನೊಂದು ಸಿಪಿಯುನಲ್ಲಿ ಕ್ಯಾಟ್ ಎದ್ದು ಬಫರ್ ಖಾಲಿ ಮಾಡಿದರೆ, ಆ ‘ಕ’ದ ಮೂರನೆಯ ಬೈಟ್ ಹೊಸ ಭಾಗದ ತಲೆಯಲ್ಲಿ ಅನಾಥವಾಗಿ ಕೂರುತ್ತದೆ. ಕ್ಯಾಟ್ ತಡವಾಗಿ ಎದ್ದರೆ ಆ ಬೈಟೇ ಕಳೆದುಹೋಗುತ್ತದೆ, ದೋಷವೂ ಕಾಣುವುದಿಲ್ಲ. ಅದಕ್ಕೇ ಕೆಲವೊಮ್ಮೆ ಮಾತ್ರ ಹೀಗಾಗುತ್ತಿತ್ತು. ನನ್ನ ಲೂಪ್ ಆ ಅನಾಥ ಬೈಟಿನ ತಾಯಿಯನ್ನು ಹುಡುಕಿಕೊಂಡು ‘ಡಬ್ಲ್ಯು’ ಗಡಿ ದಾಟಿ ಒಪ್ಪಿಸಿಯಾದ ಜಾಗಕ್ಕೆ ನುಗ್ಗಿತು. ಈಗ ‘ಇ’ ಎಂಬುದು ‘ಆರ್’ಗಿಂತ ಎರಡು ಕಡಿಮೆ. ಎರಡೂ ಋಣ ಚಿಹ್ನೆಯಿಲ್ಲದ ಸಂಖ್ಯೆಗಳು. ಕಳೆದರೆ ಋಣ ಎರಡು ಬರುವ ಬದಲು 32 ಬಿಟ್‌ನ ಲೆಕ್ಕ ಸುತ್ತು ಹೊಡೆದು ಬರುವುದು 4294967294. ಅದು 128ಕ್ಕಿಂತ ಕಡಿಮೆಯೇ ಎಂದು ಕರ್ನಲ್ ಕೇಳಿಕೊಳ್ಳುತ್ತದೆ, ಅಲ್ಲ, ಬಫರ್ ತುಂಬಿದೆ ಎಂದುಕೊಂಡು ಬಂದ ಬೈಟನ್ನೆಲ್ಲ ಚೆಲ್ಲುತ್ತದೆ. ಬ್ಯಾಕ್‌ಸ್ಪೇಸ್‌ಗೆ ಈ ಪರೀಕ್ಷೆಯಿಲ್ಲ. ‘ಇ’ ಮತ್ತು ‘ಡಬ್ಲ್ಯು’ ಬೇರೆಯಿದ್ದರೆ ಸಾಕು. ಲೂಪಿನ ಒಳಗೂ ಗಡಿ ನೋಡು ಎಂಬ ಒಂದು ಷರತ್ತು ಸೇರಿಸಿದೆ, ಮುಗಿಯಿತು.

ಇಷ್ಟಾದ ಮೇಲೂ ಗುಣಿತಾಕ್ಷರ ಕೈಕೊಟ್ಟಿತು. ‘ಕಿ’ ಎಂಬುದು ‘ಕ’ ಮತ್ತು ಗುಡಿಸು ಎಂಬ ಎರಡು ಸಂಕೇತ, ಪರದೆಯಲ್ಲಿ ಒಂದೇ ಮನೆ. ಒಂದು ಬ್ಯಾಕ್‌ಸ್ಪೇಸ್‌ಗೆ ಬಫರಿನಿಂದ ಗುಡಿಸು ಹೋಗುತ್ತದೆ, ಪರದೆಯಿಂದ ಇಡೀ ‘ಕಿ’ ಹೋಗುತ್ತದೆ. ಎರಡನೆಯದಕ್ಕೆ, ಶೆಲ್ ಆಜ್ಞೆಗೆ ಕಾಯುತ್ತಿದೆ ಎಂದು ಸಾಲಿನ ಮೊದಲಿಗೆ ತೋರುವ ಪ್ರಾಂಪ್ಟಿನ ಡಾಲರ್ ಪಕ್ಕದ ಜಾಗವೇ ಮಾಯ. ತಮಾಷೆಯೆಂದರೆ ‘ಕು’ದಲ್ಲಿ ನನ್ನ ಟರ್ಮಿನಲ್ (ಬೈಟ್‌ಗಳನ್ನು ಪರದೆಯಲ್ಲಿ ಅಕ್ಷರವಾಗಿ ಬಿಡಿಸುವ ಪ್ರೋಗ್ರಾಂ) ಹೀಗೆ ಮಾಡುವುದಿಲ್ಲ. ಯುನಿಕೋಡ್ ಗುಡಿಸನ್ನು ಜಾಗ ಹಿಡಿಯದ ಚಿಹ್ನೆ ಎಂದೂ ಕೊಂಬನ್ನು ಜಾಗ ಹಿಡಿಯುವ ಚಿಹ್ನೆ ಎಂದೂ ಬೇರೆ ಬೇರೆ ವರ್ಗಕ್ಕೆ ಸೇರಿಸಿದೆ. ಕಾಗುಣಿತ ಕಲಿಸಿದ ಮೇಷ್ಟ್ರು ಈ ಭೇದ ಹೇಳಿರಲಿಲ್ಲ.

ಜಾಗ ಹಿಡಿಯದ ಚಿಹ್ನೆಗಳ ಪಟ್ಟಿಯನ್ನು ಕರ್ನಲ್‌ಗೇ ತುರುಕೋಣ ಎಂದು ಗುಡಿಸು, ಎತ್ವ, ವಿರಾಮ ಹಾಕಿ ನೋಡಿದೆ. ಅಳಿಸಿದ ಮೇಲೆ ಮೂಲ ವ್ಯಂಜನವನ್ನು ಮತ್ತೆ ಬರೆಸಿದೆ. ಒಂದು ಟರ್ಮಿನಲ್‌ನಲ್ಲಿ ಸರಿಹೋಯಿತು, ಇನ್ನೊಂದರಲ್ಲಿ ಒತ್ತಕ್ಷರದ ಅಗಲವೇ ಬೇರೆ. ಕರ್ನಲ್ ಬಳಿ ಬೈಟ್‌ಗಳಿವೆ, ಅಗಲ ಗೊತ್ತಿರುವುದು ಟರ್ಮಿನಲ್‌ಗೆ, ಆ ಅಗಲ ಎಷ್ಟೆಂದು ತಂತಿಯ ಈ ತುದಿಗೆ ಯಾರೂ ಹೇಳುವುದಿಲ್ಲ. ಪಟ್ಟಿ ಕಿತ್ತು ಹಾಕಿದೆ.

ದೊಡ್ಡವರು ಏನು ಮಾಡಿದ್ದಾರೆ ನೋಡೋಣ ಎಂದು ಲಿನಕ್ಸ್‌ ಕರ್ನಲ್‌ನಲ್ಲಿ ಟರ್ಮಿನಲ್ ನೋಡಿಕೊಳ್ಳುವ ಟಿಟಿವೈ ಕೋಡ್ ತೆರೆದೆ. ಬಫರ್ 4096 ಬೈಟ್. ಅಳಿಸುವ ಭಾಗದಲ್ಲಿ ನನ್ನದೇ ಲೂಪ್, ಗಡಿಯ ಷರತ್ತಿನ ಸಮೇತ! ಐಯುಟಿಎಫ್‌8 ಎಂಬ ಸೂಚಕ ಆನ್ ಇದ್ದರೆ ಮಾತ್ರ ಅದು ನಡೆಯುತ್ತದೆ. ಗುಡಿಸಿನ ತಂಟೆಗೆ ಅವರೂ ಹೋಗಿಲ್ಲ. ನಿಮ್ಮ ಲಿನಕ್ಸ್‌ನಲ್ಲಿ ಕ್ಯಾಟ್ ಓಡಿಸಿ, ‘ಕಿ’ ಬರೆದು, ಒಮ್ಮೆ ಬ್ಯಾಕ್‌ಸ್ಪೇಸ್, ಆಮೇಲೆ ಎಂಟರ್ ಒತ್ತಿ: ಖಾಲಿ ಕಂಡ ಸಾಲಿನ ಕೆಳಗೆ ‘ಕ’ ಬರುವುದನ್ನು ನೋಡಬಹುದು. ಲಿನಕ್ಸ್‌ನ ಶೆಲ್ ಆದ ಬ್ಯಾಶ್‌ನ ಪ್ರಾಂಪ್ಟಿನಲ್ಲಿ ಹೀಗಾಗದು. ಅದು ಕರ್ನಲ್‌ನ ಸಾಲು ತಿದ್ದುವ ಕೆಲಸವನ್ನೇ ನಿಲ್ಲಿಸಿ, ಬೈಟ್‌ಗಳನ್ನು ಹಸಿಯಾಗಿ ಪಡೆದು, ಅಗಲವನ್ನು ತಾನೇ ಲೆಕ್ಕ ಹಾಕಿ ಸಾಲನ್ನು ಬರೆಯುತ್ತದೆ.

ನನ್ನ ಎಕ್ಸ್‌ವಿ6ರಲ್ಲಿ ಬ್ಯಾಶ್ ಇಲ್ಲವಲ್ಲ. ಇಡೀ ಸಾಲು ಅಳಿಸುವ ಕಂಟ್ರೋಲ್‌-ಯು ಇನ್ನೂ ಬೈಟಿಗೊಂದು ಮನೆ ಅಳಿಸುತ್ತಾ ಪ್ರಾಂಪ್ಟನ್ನೂ ನುಂಗುತ್ತಿದೆ. ಅದಕ್ಕೂ ಇದೇ ಲೂಪ್ ಹಾಕಬೇಕು, ಈ ಶನಿವಾರ.