‘ಐಡ್’ ಅಂದಾಗ ಅದು ವುಡ್ಡೋ ಹ್ಯಾಡೋ? ಗುರುತಿಸುವುದು ಹೀಗೆ

ಆನ್‌ಲೈನ್ ಮೀಟಿಂಗ್ ನಡೆಯುತ್ತಿದೆ. ಆ ಕಡೆ ಲಂಡನ್ನಿನವರು. ಇನ್ನೊಂದು ವಾರ ಬಿಟ್ಟು ಸಾಫ್ಟ್‌ವೇರಿನ ಹೊಸ ವರ್ಷನ್ ಬಿಡೋಣವೋ, ಈಗಲೇ ಬಿಡೋಣವೋ ಎಂದು ನೀವು ಕೇಳುತ್ತೀರಿ. ಅವರು ‘ಐಡ್ ವೇಟ್’ (I’d wait) ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಕೇಳಿಸಿಕೊಂಡವರಲ್ಲಿ ಒಬ್ಬರು ‘ಅವರು ಕಾಯುತ್ತಾರಂತೆ’ ಎಂದು ಬರೆದುಕೊಳ್ಳಬಹುದು. ಇನ್ನೊಬ್ಬರಿಗೆ ‘ಕಾದಿದ್ದರಂತೆ’ ಎಂದು ಅನ್ನಿಸಬಹುದು. ಅವರು ಹೇಳಿದ್ದು ಇವೆರಡೂ ಅಲ್ಲ. ‘ನಾನಾಗಿದ್ರೆ ಕಾಯ್ತಿದ್ದೆ’ ಎಂದು. ಅಂದರೆ, ಈಗ ಬಿಡಬೇಡಿ ಎಂಬ ಸಲಹೆ.

ಶಾಲೆಯಲ್ಲಿ ನಾವು ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’ ಎಂದು ಪೂರ್ತಿ ವಾಕ್ಯ ಕಲಿತೆವು. ಗೊತ್ತಿದ್ದಿದ್ದರೆ ಬರುತ್ತಿದ್ದೆ ಎಂದು ಅರ್ಥ. ಪಾಠ ಸರಿಯಾಗಿಯೇ ಇತ್ತು. ಆದರೆ ಇಂಗ್ಲಿಷ್ ಮನೆಮಾತಿನವರು ಮಾತಿನಲ್ಲಿ ಹಾಗೆ ಬಿಡಿಸಿ ಹೇಳುವುದು ತೀರಾ ಕಡಿಮೆ. ಅವರ ಬಾಯಲ್ಲಿ ಅದು ‘ಇಫ್ ಐಡ್ ನೋನ್, ಐಡವ್ ಕಮ್’. ನಾವೂ ‘ಗೊತ್ತಿದ್ದಿದ್ರೆ ಬರ್ತಿದ್ದೆ’ ಅಂತೀವಿ ಅಲ್ವಾ, ಅದೇ ಥರ. ತೊಂದರೆ ಏನೆಂದರೆ, ಈ ಮೊಟಕು ರೂಪಗಳನ್ನು ನಮಗೆ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ವ್ಯಾಕರಣದಲ್ಲಿ ಒಳ್ಳೆ ಅಂಕ ತೆಗೆದವರು ಕೂಡ ಫೋನಿನಲ್ಲಿ ತಡವರಿಸುವುದಕ್ಕೆ ಇದು ಒಂದು ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ.

ಮೊದಲು ಮುಂದಿನ ಪದ ನೋಡಿ

ಐ, ಯೂ, ಹೀ, ಶೀ, ವೀ, ದೇ ಇವುಗಳ ಪಕ್ಕ ಮೇಲುಗಡೆ ಒಂದು ಅಪಾಸ್ಟ್ರಫಿ, ಆಮೇಲೆ ಬರೀ ಡಿ. ಈ ಒಂದು ಡಿ ಎರಡು ಬೇರೆ ಬೇರೆ ಪದಗಳ ಬದಲಿಗೆ ನಿಲ್ಲುತ್ತದೆ: ವುಡ್ ಮತ್ತು ಹ್ಯಾಡ್. ಯಾವುದು ಎಂದು ತಿಳಿಯಲು ಡಿಯನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಅದರ ಮುಂದಿನ ಕ್ರಿಯಾಪದ ನೋಡಬೇಕು.

ಮುಂದೆ ಗೋ, ಈಟ್, ಟೇಕ್ ಎಂಬಂಥ ಮೂಲ ರೂಪ ಇದ್ದರೆ ಅದು ವುಡ್. ‘ಐಡ್ ಗೋ’ ಅಂದರೆ ಹೋಗುತ್ತಿದ್ದೆ. ಮುಂದೆ ಗಾನ್, ಈಟನ್, ಟೇಕನ್ ಎಂಬ ಮೂರನೇ ರೂಪ ಇದ್ದರೆ ಅದು ಹ್ಯಾಡ್. ‘ಐಡ್ ಗಾನ್’ ಅಂದರೆ ಹೋಗಿದ್ದೆ. ಮುಂದೆ ಹ್ಯಾವ್ ಬಂದರೂ ಅದು ವುಡ್ಡೇ, ಯಾಕೆಂದರೆ ಹ್ಯಾವ್ ಕೂಡ ಮೂಲ ರೂಪ. ಹಾಗಾಗಿ ‘ಇಫ್ ಯೂಡ್ ಕಾಲ್ಡ್, ಐಡ್ ಹ್ಯಾವ್ ಕಮ್ ಟು ದ ಸ್ಟೇಷನ್’ ಎಂಬುದರಲ್ಲಿ ಮೊದಲ ಡಿ ಹ್ಯಾಡ್, ಎರಡನೆಯದು ವುಡ್. ‘ನೀನು ಫೋನ್ ಮಾಡಿದ್ದಿದ್ರೆ ಸ್ಟೇಷನ್ನಿಗೆ ಬರ್ತಿದ್ದೆ’ ಎಂದು ಅರ್ಥ.

ಈ ಸೂತ್ರ ಕೈಕೊಡುವ ಜಾಗಗಳೂ ಇವೆ. ‘ಯೂಡ್ ಬೆಟರ್ ಗೋ’ ಎಂಬಲ್ಲಿ ಮುಂದೆ ಮೂಲ ರೂಪ ಇದ್ದರೂ ಅದು ಹ್ಯಾಡ್: ನೀನು ಹೋಗುವುದೇ ಒಳ್ಳೆಯದು ಎಂದು. ಅದರ ಪಕ್ಕದ ಮನೆಯಂತಿರುವ ‘ಐಡ್ ರಾದರ್ ಗೋ’ ಮಾತ್ರ ವುಡ್. ಇವೆರಡನ್ನು ಸುಮ್ನೆ ಬಾಯಿಪಾಠ ಮಾಡುವುದೇ ಸುಲಭ. ಇನ್ನು ಪುಟ್, ಕಟ್, ಹಿಟ್, ಕಮ್, ರನ್ ಇವುಗಳ ಮೂಲ ರೂಪವೂ ಮೂರನೇ ರೂಪವೂ ಒಂದೇ. ‘ಐಡ್ ಪುಟ್ ಇಟ್ ದೇರ್’ ಅಂದರೆ ಅಲ್ಲಿ ಇಟ್ಟಿದ್ದೆ ಎಂದೂ ಆಗಬಹುದು, ನಾನಾಗಿದ್ದರೆ ಅಲ್ಲಿ ಇಡುತ್ತಿದ್ದೆ ಎಂದೂ ಆಗಬಹುದು. ಇಲ್ಲಿ ಹಿಂದಿನ ಮುಂದಿನ ಮಾತೇ ಗತಿ.

‘ಇಫ್’ ಭಾಗದಲ್ಲಿ ವುಡ್ ಹಾಕಬೇಡಿ

‘ಇಫ್ ಐ ವುಡ್ ಹ್ಯಾವ್ ನೋನ್’ ಎಂದು ಬಹಳ ಜನ ಹೇಳುತ್ತಾರೆ. ಅಮೆರಿಕದವರ ಆಡುಮಾತಿನಲ್ಲೂ ಇದು ಕೇಳಿಬರುತ್ತದೆ. ಆದರೂ ಬರವಣಿಗೆಯಲ್ಲಿ ಇದನ್ನು ತಪ್ಪು ಎಂದೇ ಎಣಿಸುತ್ತಾರೆ. ಆಗದೇ ಹೋದದ್ದರ ಮಾತಾದರೆ ‘ಇಫ್’ ಪಕ್ಕ ಹ್ಯಾಡ್, ಅದರ ಫಲ ಹೇಳುವ ಭಾಗದಲ್ಲಿ ವುಡ್. ಇಷ್ಟು ಗಟ್ಟಿ ಮಾಡಿಕೊಂಡರೆ ‘ಇಫ್ ಐಡ್’ ಎಂದು ಕಿವಿಗೆ ಬಿದ್ದಾಗ ಅದು ಹ್ಯಾಡ್ ಎಂದು ತಕ್ಷಣ ಗೊತ್ತಾಗುತ್ತದೆ.

ಮುಂದೆ ಆಗಬಹುದಾದ ಮಾತಿಗೆ ‘ಇಫ್ ಇಟ್ ರೇನ್ಸ್, ಐಲ್ ಸ್ಟೇ’ ಎನ್ನುತ್ತಾರೆ. ಇಲ್ಲಿ ಮೊಟಕಾಗಿರುವುದು ವಿಲ್. ಆಗುವ ಸಾಧ್ಯತೆ ಕಡಿಮೆ ಎನಿಸಿದರೆ ‘ಇಫ್ ಇಟ್ ರೇನ್ಡ್, ಐಡ್ ಸ್ಟೇ’ ಎನ್ನುತ್ತಾರೆ. ನಾಳೆಯ ಮಳೆಗೆ ಭೂತಕಾಲ ಯಾಕೆ ಎಂದು ಕನ್ನಡದವರು ಗಾಬರಿ ಆಗಬೇಕಿಲ್ಲ. ‘ನಾಳೆ ಮಳೆ ಬಂದರೆ’ ಅನ್ನುವಾಗ ನಾವೂ ‘ಬಂದ’ ಎಂಬ ಭೂತಕಾಲದ ರೂಪವನ್ನೇ ಬಳಸುತ್ತೇವೆ.

ಕಾಣದ ‘ಇಫ್’ ಕಂಡುಹಿಡಿಯಿರಿ

ದಿನದ ಮಾತಿನಲ್ಲಿ ಈ ಡಿ ಅತಿ ಜಾಸ್ತಿ ಬರುವುದು ‘ಇಫ್’ ಇಲ್ಲದ ವಾಕ್ಯಗಳಲ್ಲಿ. ‘ಐಡ್ ವೇಟ್’ ಅಂಥದ್ದೇ. ‘ನಿಮ್ಮ ಜಾಗದಲ್ಲಿ ನಾನಿದ್ದರೆ’ ಎಂಬ ಅರ್ಧವನ್ನು ಹೇಳದೆ ಬಿಟ್ಟಿರುತ್ತಾರೆ. ‘ಐ ವುಡಂಟ್ ಡೂ ದಟ್’ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಅದು ಅವರ ಸ್ವಂತ ವಿಷಯ ಅಲ್ಲ. ನಿಮಗೆ ಕೊಟ್ಟ ಎಚ್ಚರಿಕೆ. ‘ಐಡ್ ಹೋಲ್ಡ್ ಆಫ್ ಆನ್ ದಟ್’ ಅಂದರೆ ಸದ್ಯಕ್ಕೆ ಬೇಡ. ‘ಐಡ್ ಬಿ ಕೇರ್‌ಫುಲ್’ ಅಂದರೆ ಹುಷಾರು ಮಾರಾಯ್ರೆ. ಮಾತು ಇಷ್ಟು ಮೆತ್ತಗಿದೆ ಎಂದು ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಟನ್ನಿನವರು ಖಂಡಿತ ಬೇಡ ಅನ್ನುವುದನ್ನೂ ಎಷ್ಟೋ ಸಲ ಇದೇ ದನಿಯಲ್ಲಿ ಹೇಳುತ್ತಾರೆ.

‘ದಟಡ್ ಬಿ ಗ್ರೇಟ್’ ಎನ್ನುವುದರಲ್ಲೂ ‘ನೀವು ಹಾಗೆ ಮಾಡಿಕೊಟ್ಟರೆ’ ಎಂಬುದು ಅಡಗಿದೆ. ‘ಐಡ್ ಲೈಕ್ ಅ ಕಾಫಿ’ ಎಂಬುದು ‘ಐ ವಾಂಟ್ ಅ ಕಾಫಿ’ಗಿಂತ ಮರ್ಯಾದೆಯ ಮಾತು. ಹೊರದೇಶಕ್ಕೆ ಹೊಸದಾಗಿ ಓದಲು ಹೋಗುವವರು ಇದೊಂದನ್ನು ಮೊದಲು ರೂಢಿ ಮಾಡಿಕೊಂಡರೆ ಅಂಗಡಿ, ಹೋಟೆಲು, ಲೈಬ್ರರಿ ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರ. ‘ವೆನ್ ವೀ ವರ್ ಕಿಡ್ಸ್, ವೀಡ್ ಸ್ವಿಮ್ ಇನ್ ದ ರಿವರ್’ ಎಂಬಲ್ಲೂ ವುಡ್ಡೇ ಇದೆ. ಆದರೆ ಅಲ್ಲಿ ಯಾವ ಷರತ್ತೂ ಇಲ್ಲ. ಚಿಕ್ಕವರಿದ್ದಾಗ ಹೊಳೆಯಲ್ಲಿ ಈಜುತ್ತಿದ್ದೆವು ಎಂಬ ಹಳೇ ರೂಢಿಯ ಮಾತು ಅಷ್ಟೆ.

ಹ್ಯಾವ್ ಕರಗಿಹೋಗುವುದನ್ನು ಕೇಳಿ

ವುಡ್ ಹ್ಯಾವ್ ಎಂಬುದು ಬಾಯಲ್ಲಿ ‘ವುಡವ್’ ಆಗುತ್ತದೆ. ಹಾಗೆಯೇ ಕುಡವ್, ಶುಡವ್, ಮೈಟವ್, ಮಸ್ಟವ್. ವುಡ್ ನಾಟ್ ಹ್ಯಾವ್ ಎಂಬುದು ‘ವುಡಂಟವ್’. ಐ ವುಡ್ ಹ್ಯಾವ್ ಎಂಬ ಮೂರು ಪದ ಸೇರಿ ‘ಐಡವ್’ ಎಂಬ ಒಂದೇ ಉಸಿರಿನ ಪದ. ಕೆಲವು ಸಲ ಡಿಯೂ ಮಾಯವಾಗುತ್ತದೆ. ‘ಯೂಡ್ ಬೆಟರ್’ ಎಂಬುದು ಎಷ್ಟೋ ಸಲ ‘ಯೂ ಬೆಟರ್’ ಎಂದೇ ಕೇಳಿಸುತ್ತದೆ. ಡಿ ಕೇಳಲಿಲ್ಲ ಎಂದರೆ ಅದು ನಿಮ್ಮ ಕಿವಿಯ ದೋಷವಲ್ಲ.

‘ವುಡವ್’ ಎಂಬ ಈ ಸದ್ದಿನಿಂದಲೇ ಒಂದು ತಪ್ಪು ಹುಟ್ಟಿದೆ. ಇಂಗ್ಲಿಷ್ ತಾಯ್ನುಡಿಯವರೇ ಎಷ್ಟೋ ಜನ ಹ್ಯಾವ್ ಬದಲು ಆಫ್ (of) ಸೇರಿಸಿ ‘ವುಡ್ ಆಫ್’ ಎಂದು ಬರೆಯುತ್ತಾರೆ. ಅವರು ಭಾಷೆಯನ್ನು ಮೊದಲು ಕಿವಿಯಿಂದ ಕಲಿತವರು. ಪುಸ್ತಕದಿಂದ ಕಲಿತ ನಾವು ಈ ತಪ್ಪಿಗೆ ಬೀಳುವುದು ಕಡಿಮೆ. ಫೇಸ್‌ಬುಕ್ಕಿನಲ್ಲಿ ಬ್ರಿಟನ್ನಿನವರು ಹಾಗೆ ಬರೆದದ್ದು ಕಂಡರೂ ಅನುಸರಿಸಬೇಡಿ.

ಇದೆಲ್ಲ ಈಗಿನ ಹುಡುಗರ ಸೋಮಾರಿತನ ಎನ್ನುವವರೂ ಇದ್ದಾರೆ. ಖಂಡಿತ ಅಲ್ಲ. ಲಂಡನ್ನಿನ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ 1710ರಲ್ಲೇ ‘ಗಲಿವರ್ಸ್ ಟ್ರಾವೆಲ್ಸ್’ ಖ್ಯಾತಿಯ ಲೇಖಕ ಜೋನಾಥನ್ ಸ್ವಿಫ್ಟ್ ಈ ಮೊಟಕು ರೂಪಗಳ ಮೇಲೆ ಹರಿಹಾಯ್ದಿದ್ದರು. ಅದಕ್ಕಾಗಿ ಅವರೇ ಕಟ್ಟಿದ ಮಾದರಿ ಪತ್ರದಲ್ಲಿ ಐ ವುಡ್ ಹ್ಯಾವ್ ಎಂಬುದು ಆಗಲೇ ಮೊಟಕಾಗಿ ಇಂದಿನ ಐಡವ್‌ಗೆ ಹತ್ತಿರವಾಗಿದೆ. ಮುನ್ನೂರು ವರ್ಷ ದಾಟಿದರೂ ಜನ ಅದನ್ನು ಬಿಟ್ಟಿಲ್ಲ.

ಎಲ್ಲಿ ಮೊಟಕು ಮಾಡಬಾರದು

ಉತ್ತರದ ಕೊನೆಯಲ್ಲಿ ಡಿ ನಿಲ್ಲುವುದಿಲ್ಲ. ‘ವುಡ್ ಯೂ ಹೆಲ್ಪ್?’ ಎಂದರೆ ‘ಯೆಸ್, ಐ ವುಡ್’ ಎಂದೇ ಹೇಳಬೇಕು. ‘ಯೆಸ್, ಐಡ್’ ತಪ್ಪು. ಇಲ್ಲ ಎನ್ನುವಾಗ ಮಾತ್ರ ‘ನೋ, ಐ ವುಡಂಟ್’ ಸರಿ. ಹಾಗೆಯೇ ‘ಹ್ಯಾಡ್ ಐ ನಾಟ್ ನೋನ್’ ಎಂದು ‘ಇಫ್’ ಬದಲು ಹ್ಯಾಡ್ ವಾಕ್ಯದ ಮೊದಲಿಗೆ ಬಂದಾಗ ಅದನ್ನು ಹ್ಯಾಡಂಟ್ ಮಾಡುವ ಹಾಗಿಲ್ಲ.

ಬರೆಯುವಾಗ ನನ್ನ ಲೆಕ್ಕ ಹೀಗಿದೆ. ಪರೀಕ್ಷೆಯ ಉತ್ತರ, ಅರ್ಜಿ, ಕಾನೂನು ಪತ್ರಗಳಲ್ಲಿ ಪೂರ್ತಿ ರೂಪ ಇರಲಿ. ಸಹೋದ್ಯೋಗಿಗೆ ಬರೆಯುವ ಈಮೇಲ್‌ನಲ್ಲಿ ಐಡ್, ವುಡಂಟ್ ಧಾರಾಳವಾಗಿ ಬಳಸಿ. ‘ಐಡವ್’ ಮಾತಿಗೆ ಚೆಂದ, ಕಾಗದದ ಮೇಲೆ ಎರಡೆರಡು ಅಪಾಸ್ಟ್ರಫಿ ಬಿದ್ದು ಓದಲು ಕಷ್ಟ. ಅಲ್ಲಿ ‘ಐಡ್ ಹ್ಯಾವ್’ ಸಾಕು.

ಕಿವಿ ಪಳಗಿಸುವುದು

ಇಂಗ್ಲಿಷ್ ಸಂದರ್ಶನ ಯಾವುದಾದರೂ ಹಾಕಿಕೊಳ್ಳಿ. ಮೊದಲು ಸಬ್‌ಟೈಟಲ್ ಇಲ್ಲದೆ ಒಂದೆರಡು ನಿಮಿಷ ಕೇಳಿ, ಡಿ ಅನಿಸಿದಲ್ಲೆಲ್ಲ ನಿಲ್ಲಿಸಿ ವಾಕ್ಯ ಬರೆದುಕೊಳ್ಳಿ. ಆಮೇಲೆ ಸಬ್‌ಟೈಟಲ್ ಜೊತೆ ತಾಳೆ ನೋಡಿ. ಬರೆದದ್ದನ್ನು ಗಟ್ಟಿಯಾಗಿ, ಅದೇ ವೇಗದಲ್ಲಿ ಹೇಳಿ. ಬಾಯಿಗೆ ಬಂದದ್ದು ಕಿವಿಗೂ ಬೇಗ ಸಿಗುತ್ತದೆ.

ಕ್ರಿಕೆಟ್ ಕಾಮೆಂಟರಿಯೂ ಒಳ್ಳೆಯ ಪಾಠವೇ. ಆದರೆ ಅಲ್ಲಿ ಒಂದು ವಿಶೇಷ ಇದೆ. ಥ್ರೋ ಸ್ಟಂಪಿಗೆ ತಾಗದೆ ಹೋದ ಮೇಲೂ ಕಾಮೆಂಟೇಟರ್ ‘ಇಫ್ ಹೀ ಹಿಟ್ಸ್, ಹೀಸ್ ಗಾನ್’ ಎಂದು ವರ್ತಮಾನದಲ್ಲೇ ಹೇಳುವುದುಂಟು. ತಾಗಿದ್ದಿದ್ದರೆ ಔಟಾಗುತ್ತಿದ್ದ ಎಂದೇ ಅರ್ಥ. ಆಟದ ಬಿಸಿಯಲ್ಲಿ ಹುಟ್ಟಿದ ರೂಪ ಅದು, ಆಟದ ಮಾತಿಗೆ ಸರಿ. ಇಂಟರ್‌ವ್ಯೂಗೆ ಹೋದಾಗ ‘ಇಫ್ ಐಡ್ ನೋನ್, ಐಡ್ ಹ್ಯಾವ್’ ಎಂಬ ಕ್ರಮವನ್ನೇ ಹಿಡಿಯಿರಿ.