ಕೃಷಿ ಜೈವಿಕ ಉತ್ಪನ್ನಗಳಿಗೆ ಸರ್ಕಾರಿ ಅನುದಾನ ಕೇಳುವ ಬಗೆ

ಹುಲ್ಲು, ಹೊಟ್ಟು, ಹಿಂಡಿಗಳಿಂದ ಪ್ಲಾಸ್ಟಿಕ್, ಅಂಟು ಅಥವಾ ಇಂಧನ ತಯಾರಿಸುವ ಸಂಶೋಧನೆಗೆ ಸರ್ಕಾರದ ಹಣ ಬಯಸುವವರು, ಅರ್ಜಿ ನಮೂನೆಯನ್ನು ಕೈಗೆತ್ತಿಕೊಳ್ಳುವ ಮೊದಲೇ ತಮ್ಮ ಕೆಲಸ ಯಾವ ಹಂತ ತಲುಪಿದೆ ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳಬೇಕು. ಹಲವು ಯೋಜನೆಗಳು ಇದನ್ನು 1ರಿಂದ 9ರವರೆಗಿನ ತಂತ್ರಜ್ಞಾನ ಸಿದ್ಧತಾ ಮಟ್ಟದಲ್ಲಿ ಅಳೆಯುತ್ತವೆ. ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗಿ ಗೆದ್ದದ್ದು 4, ನಿಜವಾದ ಬಳಕೆಯಲ್ಲಿ ನಿಂತು ತೋರಿಸಿದ್ದು 9.

ಹಂತ ತಪ್ಪಿದರೆ ಉತ್ತಮ ಪ್ರಸ್ತಾವನೆಯೂ ಬಿದ್ದುಹೋಗುತ್ತದೆ. ಅಮೆರಿಕದಲ್ಲಿ 1982ರ ಕಾಯ್ದೆಯಿಂದ ಹುಟ್ಟಿದ ಸಣ್ಣ ಉದ್ಯಮಗಳ ಸಂಶೋಧನಾ ಯೋಜನೆಯನ್ನೇ ನೋಡಿ: ಮೊದಲ ಹಂತ ಸಾಧ್ಯಾಸಾಧ್ಯತೆಯ ಪರೀಕ್ಷೆಗೆ, ಎರಡನೆಯದು ಅಭಿವೃದ್ಧಿಗೆ, ವಾಣಿಜ್ಯೀಕರಣದ ಮೂರನೆಯ ಹಂತಕ್ಕೆ ಆ ಯೋಜನೆಯ ಹಣವೇ ಇಲ್ಲ. ಭಾರತದಲ್ಲಿ ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗಲು 2012ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಬೈರಾಕ್‌ನ ‘ಬಿಗ್’ ಅನುದಾನವೂ ಆರಂಭದ ಕಲ್ಪನೆಗಳಿಗಾಗಿಯೇ ಇರುವಂಥದು. ಐರೋಪ್ಯ ಒಕ್ಕೂಟವು ಉದ್ಯಮಗಳೊಡನೆ 2021ರಿಂದ 2031ರ ಅವಧಿಗೆ ರೂಪಿಸಿರುವ 200 ಕೋಟಿ ಯೂರೊ ಪಾಲುದಾರಿಕೆ ಮಾತ್ರ ದೊಡ್ಡ ಸ್ಥಾವರಗಳವರೆಗೂ ಕೈಚಾಚುತ್ತದೆ.

ಪರಿಶೀಲಕರು ಮೊದಲು ಕೆದಕುವುದು ಕಚ್ಚಾವಸ್ತುವಿನ ಲೆಕ್ಕವನ್ನು. ಅರ್ಜಿದಾರರು ಅವಸರದಲ್ಲಿ ಬರೆಯುವುದೂ ಅದನ್ನೇ. ಒಂದು ಟನ್ ಹುಲ್ಲಿನಲ್ಲಿ ಶೇ 15ರಷ್ಟು ತೇವವಿದ್ದರೆ ಒಣ ಪದಾರ್ಥ ಇರುವುದು 850 ಕಿಲೋ. ಅದರಲ್ಲಿ ಶೇ 40 ಸೆಲ್ಯುಲೋಸ್ (ಸಸ್ಯದ ನಾರಿನ ಮುಖ್ಯ ಪದಾರ್ಥ) ಎಂದು ಹಿಡಿದರೆ 340 ಕಿಲೋ. ಅದರ ಶೇ 80ನ್ನಷ್ಟೇ ಹೊರತೆಗೆಯಲು ಸಾಧ್ಯವಾದರೆ ಕೈಗೆ ದಕ್ಕುವುದು 272 ಕಿಲೋ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದ ಲೆಕ್ಕವು ನಾಲ್ಕು ಪುಟಗಳ ಪೀಠಿಕೆಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಕೊಯ್ಲು ಕೆಲವೇ ವಾರಗಳಲ್ಲಿ ಮುಗಿದರೂ ಸ್ಥಾವರ ವರ್ಷವಿಡೀ ಓಡಬೇಕಾದ್ದರಿಂದ, ಹುಲ್ಲನ್ನು ಎಲ್ಲಿ ಕೂಡಿಡುತ್ತೀರಿ, ಮಳೆಗೆ ಕೊಳೆತು ಎಷ್ಟು ಹಾಳಾಗಬಹುದು, ಸಾಗಣೆಗೆ ಎಷ್ಟು ತಗಲುತ್ತದೆ ಎಂಬುದನ್ನೂ ಸೇರಿಸಿ. ಪೂರೈಸಲು ಒಪ್ಪಿದ ರೈತರ ಗುಂಪಿನ ಪತ್ರ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಬಜೆಟ್ ಬರೆಯುವಾಗ ನಿಯಮಗಳಲ್ಲಿ ಎರಡು ಅಂಶಗಳನ್ನು ಹುಡುಕಿ: ನೀವು ಭರಿಸಬೇಕಾದ ಪಾಲು ಎಷ್ಟು, ಮತ್ತು ಹಣ ಮುಂಗಡವಾಗಿ ಬರುತ್ತದೆಯೋ ಖರ್ಚಿನ ಬಿಲ್ ಕೊಟ್ಟ ಮೇಲೆಯೋ. ಎರಡನೆಯ ಬಗೆಯಾದರೆ ಯಂತ್ರದ ಬೆಲೆಯನ್ನು ಮೊದಲು ನೀವೇ ತೆರಬೇಕು. ಬಿಲ್ ಪಾಸಾಗುವವರೆಗೆ ಸಂಬಳ, ಬಾಡಿಗೆಗಳಿಗೂ ದುಡಿಯುವ ಬಂಡವಾಳ ಕೈಯಲ್ಲಿರಬೇಕು.

ಕೊನೆಯದಾಗಿ, ಫಲಿತಾಂಶವನ್ನು ಸಮ್ಮೇಳನದಲ್ಲಿ ಮಂಡಿಸುವ ಮುನ್ನವೇ ಪೇಟೆಂಟ್ ಅರ್ಜಿ ಸಲ್ಲಿಸಿ. ಮೊದಲೇ ಬಹಿರಂಗವಾದ ಆವಿಷ್ಕಾರಕ್ಕೆ ಬಹಳಷ್ಟು ದೇಶಗಳಲ್ಲಿ ಪೇಟೆಂಟ್ ದಕ್ಕುವುದಿಲ್ಲ.